ಟಿಎಸ್‌ಎಚ್ ಏರಿಳಿತದ ಬಗ್ಗೆ ಗೆಳತಿಗೊಂದು ಪತ್ರ

ಪ್ರೀತಿಯ ಗೆಳತಿ,

ನೀನು ಕಳಿಸಿದ ರಿಪೋರ್ಟುಗಳನ್ನೆಲ್ಲ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು, ಥೈರಾಯ್ಡ್ ಕಡಿಮೆಯಾದರೆ ಅದು ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ. ನಿನ್ನದು ಮೊದಲು 8.2, ಅದಕ್ಕೆ ಥೈರಾಯ್ಡ್ ಮಾತ್ರೆ 75 ಮೈಕ್ರೋಗ್ರಾಂನಿಂದ 100ಕ್ಕೆ ಏರಿತು. ಮೂರೇ ವಾರಕ್ಕೆ ಮತ್ತೆ ರಕ್ತ ಕೊಟ್ಟೆ, 0.3 ಬಂತು, ಇನ್ನೊಬ್ಬ ಡಾಕ್ಟರು ಒಂದೇ ಸಲಕ್ಕೆ 50ಕ್ಕೆ ಇಳಿಸಿದರು. ಈಗ 9 ದಾಟಿದೆ. "ನನ್ನ ದೇಹವೇ ಕೈಕೊಟ್ಟಿದೆ ಕಣೇ" ಅಂತ ಬರೆದಿದ್ದೀಯ. ನನಗೆ ಹಾಗೆ ಅನ್ನಿಸುತ್ತಿಲ್ಲ.

ನಿನ್ನ ಆ ಮಾತ್ರೆ, ಲೆವೊಥೈರಾಕ್ಸಿನ್, ತುಂಬಾ ನಿಧಾನದ ಔಷಧಿ. ರಕ್ತಕ್ಕೆ ಸೇರಿದ್ದರಲ್ಲಿ ಅರ್ಧ ಖಾಲಿಯಾಗುವುದಕ್ಕೇ ಸುಮಾರು ಒಂದು ವಾರ ಬೇಕು. ಡೋಸ್ ಬದಲಿಸಿದ ಮೇಲೆ ಅದು ಹೊಸ ಮಟ್ಟದಲ್ಲಿ ನಿಂತು, ಟಿಎಸ್‌ಎಚ್ ಕೂಡ ಅದಕ್ಕೆ ಹೊಂದಿಕೊಳ್ಳಲು 6ರಿಂದ 8 ವಾರ ಹಿಡಿಯುತ್ತದೆ, ಅದಕ್ಕೇ ಅಷ್ಟು ದಿನ ಬಿಟ್ಟು ಟೆಸ್ಟ್ ಮಾಡಿಸಿ ಅನ್ನುವುದು. ಹಾಗಿರುವಾಗ ಮೂರು ವಾರದಲ್ಲಿ, ಬರೀ 25 ಜಾಸ್ತಿ ಮಾಡಿದ್ದಕ್ಕೆ, 8.2 ಇದ್ದದ್ದು 0.3ಕ್ಕೆ ಇಳಿಯಿತು ಅಂದರೆ ನನಗೆ ಅನುಮಾನ.

ಆ ತಿಂಗಳೇ ಅಲ್ವಾ ನೀನು ಕೂದಲು ಉದುರುತ್ತಿದೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ಶುರು ಮಾಡಿದ್ದು? ಕೆಲವು ಲ್ಯಾಬುಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ ಅಡ್ಡ ಬರುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಟಿ4 ಅನ್ನುವ ಥೈರಾಯ್ಡ್ ಹಾರ್ಮೋನನ್ನು ಜಾಸ್ತಿ ತೋರಿಸುತ್ತದೆ. ಥೈರಾಯ್ಡ್ ಕಡಿಮೆಯಾಗಿ ಕೂದಲು ಉದುರುತ್ತದೆ, ಅದಕ್ಕೆ ತಗೊಂಡ ಮಾತ್ರೆಯಿಂದ ಥೈರಾಯ್ಡ್ ಜಾಸ್ತಿ ಇದ್ದಂತೆ ರಿಪೋರ್ಟ್ ಬರುತ್ತದೆ, ಅದನ್ನು ನೋಡಿ ಬೇಕಾದ ಡೋಸನ್ನೇ ಕಡಿಮೆ ಮಾಡುತ್ತಾರೆ, ಕೂದಲು ಇನ್ನೂ ಉದುರುತ್ತದೆ. ನಿನಗೂ ಹೀಗೇ ಆಗಿರಬಹುದು. ರಕ್ತ ಕೊಡುವುದಕ್ಕೆ ಎರಡು ದಿನ ಮುಂಚೆಯಾದರೂ ಅದನ್ನು ನಿಲ್ಲಿಸು, ಡಾಕ್ಟರಿಗೂ ಹೇಳು. ಅವರಾಗಿ ಕೇಳುವುದು ಕಡಿಮೆ.

ಇನ್ನು ಮೊದಲಿನ ಆ 8.2. ಮಾತ್ರೆ ನುಂಗಿದ ಹಿಂದೆಯೇ ನೀನು ಫಿಲ್ಟರ್ ಕಾಫಿ ಕುಡಿಯುತ್ತೀಯ, ತಿಂಡಿ ಆದ ಕೂಡಲೇ ಕ್ಯಾಲ್ಸಿಯಂ. ಕಾಫಿ ಇದ್ದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬರೀ ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗಂತೂ 4 ಗಂಟೆ ಅಂತರ ಬೇಕು, ಅವನ್ನು ಮಧ್ಯಾಹ್ನ ಊಟಕ್ಕೆ ತಳ್ಳಿಬಿಡು. ಬೆಳಗಿನ ಕಾಫಿ ಕಾಯಲು ಆಗುವುದೇ ಇಲ್ಲ ಅಂದರೆ, ರಾತ್ರಿ ಊಟವಾಗಿ 3 ಗಂಟೆ ಬಿಟ್ಟು ಮಲಗುವಾಗ ತಗೊಳ್ಳುವವರೂ ಇದ್ದಾರೆ, ಕೇಳಿ ನೋಡು. ಬಾಟಲಿಯನ್ನು ಒಲೆಯ ಮೇಲಿನ ಶೆಲ್ಫಿನಿಂದ ತೆಗೆದಿಡು, ಶಾಖಕ್ಕೆ ಮಾತ್ರೆಯ ಶಕ್ತಿ ಕುಂದುತ್ತದೆ.

ಮುಟ್ಟು ನಿಲ್ಲುವ ಹೊತ್ತಿನ ತೊಂದರೆಗೆ ಈಸ್ಟ್ರೋಜನ್ ಶುರು ಮಾಡುವ ಮಾತಾಡಿದ್ದೆಯಲ್ಲ, ಅದನ್ನೂ ಮರೆಯದೆ ಹೇಳು. ನುಂಗುವ ಈಸ್ಟ್ರೋಜನ್ ತಗೊಂಡರೆ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನು ಜಾಸ್ತಿಯಾಗಿ ಡೋಸ್ ಏರಿಸಬೇಕಾಗಬಹುದು. ಚರ್ಮಕ್ಕೆ ಅಂಟಿಸುವ ಪ್ಯಾಚಿನಲ್ಲಿ ಈ ತೊಂದರೆ ಅಷ್ಟಾಗಿ ಇಲ್ಲ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸುಸ್ತು ಅಂತ ನೀನೇ ಡೋಸ್ ಏರಿಸಬೇಡ. ಜಾಸ್ತಿಯಾದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ, ನಮ್ಮ ವಯಸ್ಸಿಗೆ ಎರಡೂ ಬೇಡ. ಎದೆ ಡವಡವ ಅಂದರೆ, ಕೈ ನಡುಗಿದರೆ ಟೆಸ್ಟಿನ ದಿನಕ್ಕೆ ಕಾಯದೆ ಹೋಗಿ ತೋರಿಸು.

ಇನ್ನು ಮೇಲೆ ಒಬ್ಬರೇ ಡಾಕ್ಟರು, ಒಂದೇ ಲ್ಯಾಬು, ಒಂದೇ ಕಂಪನಿಯ ಮಾತ್ರೆ ಇರಲಿ. ರಕ್ತ ಬೆಳಿಗ್ಗೆ, ಮಾತ್ರೆ ನುಂಗುವ ಮುಂಚೆ ಕೊಡು. ಅಪಾಯಿಂಟ್‌ಮೆಂಟ್ ಯಾವತ್ತು ಅಂತ ತಿಳಿಸು, ರಜೆ ಹಾಕಿ ನಾನೂ ಬರುತ್ತೇನೆ.

ನಿನ್ನ ಗೆಳತಿ