ಮೂಗು ಹೋದಾಗ ನಾಲಿಗೆಗೆ ಕೆಲಸ ಕೊಟ್ಟವರಿಗೆ

ಇದು ಪುಣೆಯ ನಮ್ಮ ವೈನ್ ಬಳಗಕ್ಕೆ ನಾನು ಸಲ್ಲಿಸಬೇಕಾಗಿದ್ದ ಧನ್ಯವಾದ. ಎದುರಿಗೆ ಹೇಳಲು ಹೋದರೆ ಧಾರವಾಡದ ಕಾಕಾ ಮಾತು ತಿರುಗಿಸುತ್ತಾರೆ, ಮಂಗಳೂರಿನ ಮಾಮ "ಮೊದಲು ಊಟ ಮಾಡಿ" ಎನ್ನುತ್ತಾರೆ, ಕೊಡಗಿನ ಅಕ್ಕ ಅಡುಗೆಮನೆಗೆ ಹೋಗಿಬಿಡುತ್ತಾರೆ. ಅದಕ್ಕೇ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ಅಡ್ಡ ಮಾತಾಡುವಂತಿಲ್ಲ.

ಹೊರಗಿನವರಿಗಾಗಿ ಸ್ವಲ್ಪ ಹಿನ್ನೆಲೆ. ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ನನಗೆ ವೈರಲ್ ಜ್ವರ ಬಂದಿತ್ತು. ವಾರದೊಳಗೆ ಜ್ವರ ಬಿಟ್ಟಿತು, ಆದರೆ ವಾಸನೆಯನ್ನು ಹೊತ್ತುಕೊಂಡೇ ಹೋಯಿತು. ಒಗ್ಗರಣೆ ಸೀದರೂ ಗೊತ್ತಾಗುತ್ತಿರಲಿಲ್ಲ. ಅಡುಗೆ ಅನಿಲ ಸೋರಿದರೆ ತಿಳಿಯಲಿ ಎಂದೇ ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ, ನನ್ನ ಪಾಲಿಗೆ ಆ ಎಚ್ಚರಿಕೆಯೂ ಇಲ್ಲವಾಯಿತು. ನಮ್ಮ ಮನೆಯವರು ರಾತ್ರಿ ಮಲಗುವ ಮುನ್ನ ಸಿಲಿಂಡರಿನ ಹತ್ತಿರ ಹೋಗಿ ಮೂಸಿ ನೋಡಿ ಬರುತ್ತಿದ್ದರು. ಅವರಿಗೆ ಹೇಳಬೇಕಾದದ್ದನ್ನು ಮನೆಯಲ್ಲೇ ಹೇಳುತ್ತೇನೆ, ಆದರೆ ಆ ರಾತ್ರಿಯ ಪಹರೆಯ ಸುದ್ದಿ ನಾಲ್ಕು ಜನಕ್ಕೆ ತಿಳಿಯಲಿ.

ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು. ನಾಲಿಗೆ ಹಿಡಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಮಾಂಸದ ಸಾರಿನ ರುಚಿ) ಇಷ್ಟನ್ನು ಮಾತ್ರ. ಮಾವಿನಹಣ್ಣನ್ನು ಮಾವು ಎಂದು, ಸಾರನ್ನು ಸಾರು ಎಂದು ಗುರುತಿಸುವುದು ಅಗಿಯುವಾಗ ಗಂಟಲ ಹಿಂಬದಿಯಿಂದ ಮೂಗಿಗೇರುವ ಪರಿಮಳ. ಅದು ನಿಂತ ಮೇಲೆ ಊಟವೆಂದರೆ ಬಿಸಿ, ತಣ್ಣಗೆ, ಮೆತ್ತಗೆ, ಗಟ್ಟಿ. ಮೊದಲು ಕಂಡ ವೈದ್ಯರೊಬ್ಬರು "ವಾಸನೆ ತಾನೇ, ಕಣ್ಣಲ್ಲವಲ್ಲ" ಎಂದು ಚೀಟಿ ಬರೆದು ಕಳುಹಿಸಿದರು. ಎರಡನೆಯವರು ಕೂರಿಸಿಕೊಂಡು ವಿವರಿಸಿದರು: ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ನರಕೋಶಗಳು ಮತ್ತೆ ಹುಟ್ಟಬಲ್ಲವು, ಆದರೆ ಅವುಗಳಿಗೆ ಅಭ್ಯಾಸ ಮಾಡಿಸಬೇಕು. ಆ ವೈದ್ಯೆಗೆ ಮೊದಲ ನಮಸ್ಕಾರ.

ಈಗ ಬಳಗದ ಮಾತು. ನಮ್ಮ ಬಳಗಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ವಾರ್ಷಿಕ ಮಹಾಸಭೆ ಇಲ್ಲ. ಕನ್ನಡಿಗರು ಊರು ಬಿಟ್ಟು ಬಂದು ಕಟ್ಟಿಕೊಂಡ ಗುಂಪುಗಳಲ್ಲಿ ಇದೊಂದು ಅಪರೂಪ. ತಿಂಗಳಿಗೊಂದು ಶನಿವಾರ ಯಾರದೋ ಮನೆಯಲ್ಲಿ ಸೇರುತ್ತೇವೆ. ಆತಿಥೇಯರದು ಅಡುಗೆ, ಉಳಿದವರದು ಬಾಟಲಿ. ಬಾಟಲಿಗಳಿಗೆ ಹಳೆಯ ಕನ್ನಡ ಪತ್ರಿಕೆ ಸುತ್ತಿರುತ್ತದೆ, ಹೆಸರು ಕೊನೆಗೇ ಹೊರಬೀಳುವುದು. ಒಬ್ಬೊಬ್ಬರಿಗೆ 50 ಮಿಲಿಲೀಟರ್ ಸುರಿದರೆ 750ರ ಒಂದು ಬಾಟಲಿ ನಮ್ಮೆಲ್ಲರಿಗೂ ಸಾಕಾಗುತ್ತದೆ. ಉಗುಳಲು ಕೊಡಗಿನ ಅಣ್ಣ ತಮ್ಮ ಅಜ್ಜನ ಕಾಲದ ಹಿತ್ತಾಳೆ ಪೀಕದಾನಿ ಇಟ್ಟಿದ್ದಾರೆ. ಮದ್ಯ ಕುಡಿಯುವ ಪರವಾನಗಿಯೂ ಎಲ್ಲರ ಬಳಿ ಇದೆ. ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯ್ದೆ ಇನ್ನೂ ಜೀವಂತವಾಗಿದೆ ಎಂದು ಕಾಕಾ ಹೊಸಬರಿಗೆಲ್ಲ ಪಾಠ ಮಾಡಿಯೇ ಒಳಗೆ ಬಿಡುವುದು.

ವಾಸನೆ ಹೋದವಳು ವೈನ್ ಕೂಟಕ್ಕೆ ಹೋಗಿ ಮಾಡುವುದೇನು? ಬರುವುದಿಲ್ಲ ಎಂದು ಫೋನ್ ಮಾಡಿದೆ. ಕಾಕಾ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು. ಸಮಾಧಾನದ ಮಾತು ಅವರಿಗೆ ಬರುವುದಿಲ್ಲ. "ಅವ್ವಾ, ನಿನಗೆ ಮೂಗಿಲ್ಲ, ಅಷ್ಟೇ ತಾನೇ? ನಮಗೆಲ್ಲ ಮೂಗಿದೆ, ಅದರ ಗದ್ದಲದಲ್ಲಿ ನಾಲಿಗೆ ಹೇಳಿದ್ದು ಕೇಳಿಸುವುದಿಲ್ಲ. ನೀನು ಬಾ, ನಾಲಿಗೆಯ ಲೆಕ್ಕ ಬರೆಯುವ ಕೆಲಸ ನಿನ್ನದು" ಎಂದರು. ಹೋದರೆ ನಿಜಕ್ಕೂ ಒಂದು ಹೊಸ ಲೆಕ್ಕದ ಪುಸ್ತಕ ತಂದಿಟ್ಟಿದ್ದರು. ಹುಳಿ, ಸಿಹಿ, ಒಗರು, ಬಿಸಿ, ತೂಕ (ವೈನ್ ಬಾಯಲ್ಲಿ ಎಷ್ಟು ಭಾರ ಅನ್ನಿಸುತ್ತದೆ ಎಂಬುದು) ಎಂದು ಐದು ಕಾಲಂ ಎಳೆದಿದ್ದರು. ಪರಿಮಳದ ಕಾಲಂ ಇರಲೇ ಇಲ್ಲ.

ಇದು ನನ್ನನ್ನು ಸಂತೋಷಪಡಿಸಲು ಹೂಡಿದ ಆಟವಲ್ಲ ಎಂದು ತಿಳಿಯಲು ಒಂದೆರಡು ಶನಿವಾರ ಬೇಕಾಯಿತು. ಕೆಂಪು ವೈನ್‌ನ ಒಗರು ವಾಸ್ತವದಲ್ಲಿ ರುಚಿಯೇ ಅಲ್ಲ, ಸ್ಪರ್ಶ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯನ್ನು ಒಣಗಿಸುತ್ತದೆ, ಹಸಿ ಅಡಿಕೆ ಅಗಿದಂತೆ. ಆಲ್ಕೋಹಾಲಿನ ಬಿಸಿ, ನೊರೆಯ ಚುಚ್ಚು, ಮೆಣಸಿನಕಾಯಿಯ ಉರಿ ಇವೂ ವಾಸನೆಯ ನರದ ಮೂಲಕ ಹೋಗುವುದಿಲ್ಲ. ಅಂದರೆ ಇವೆಲ್ಲ ನನ್ನ ಬಳಿ ಪೂರ್ತಿ ಉಳಿದಿದ್ದವು. ಪತ್ರಿಕೆ ಸುತ್ತಿದ ಒಂದು ಬಾಟಲಿಗೆ ಎಲ್ಲರೂ ನೇರಳೆ ಹಣ್ಣು, ಚಾಕೊಲೇಟು ಎಂದು ಮರುಳಾಗಿದ್ದಾಗ ನಾನು "ಹುಳಿ ಸಾಲದು, ಸಿಹಿ ಉಳಿದಿದೆ, ತೂಕವಿಲ್ಲ" ಎಂದು ಬರೆದಿದ್ದೆ. ಊಟಕ್ಕೆ ಕೂತ ಮೇಲೆ ಆ ಬಾಟಲಿ ಅರ್ಧಕ್ಕೇ ನಿಂತಿತು. ಪರಿಮಳಕ್ಕೆ ಮನಸೋಲುವುದು ಸುಲಭ, ಊಟದ ಜೊತೆ ಕೊನೆಯ ಗುಟುಕಿನವರೆಗೆ ಕರೆದೊಯ್ಯುವುದು ಹುಳಿ. ಈ ಅಭಿಪ್ರಾಯ ಇಂದಿಗೂ ನನ್ನದು. ಬಳಗದಲ್ಲಿರುವ ಬೆಂಗಳೂರಿನ ಹುಡುಗಿ ಒಪ್ಪುವುದಿಲ್ಲ.

ಮಂಗಳೂರಿನ ಮಾಮನ ಕೋರಿ ರೊಟ್ಟಿಯ ಪ್ರಕರಣವನ್ನು ಇಲ್ಲಿ ದಾಖಲಿಸಲೇಬೇಕು. ಕೋಳಿಗೆ ಕೆಂಪು ವೈನ್ ಎಂದು ಮಾಮ ವರ್ಷಗಳಿಂದ ಹಟ ಹಿಡಿದಿದ್ದರು. ಬ್ಯಾಡಗಿಯ ಬಣ್ಣದ, ತೆಂಗಿನಹಾಲಿನ ಆ ಸಾರು ನನಗಾಗ ಬರೀ ಉರಿ. ಶೇಕಡಾ 14 ಆಲ್ಕೋಹಾಲಿನ ಕ್ಯಾಬರ್ನೆ ಸೊವಿನ್ಯೋಂ ಎಂಬ ಕೆಂಪು ವೈನ್ ಕುಡಿದರೆ ಉರಿ ಎರಡು ಪಟ್ಟಾಯಿತು, ಮೇಲೆ ಒಗರು ಬೇರೆ. ತುಸು ಸಿಹಿ ಉಳಿಸಿಕೊಂಡ ನಾಸಿಕದ ಶೆನಿನ್ ಬ್ಲಾಂ ಎಂಬ ಬಿಳಿ ವೈನ್ ತಣ್ಣಗೆ ಕುಡಿದಾಗ ಉರಿ ಇಳಿದು ಇನ್ನೊಂದು ತುಂಡು ರೊಟ್ಟಿ ಮುರಿಯುವಂತಾಯಿತು. ಪುಸ್ತಕದಲ್ಲಿ ಹಾಗೆಯೇ ಬರೆದೆ. ಮಾಮ ಕನ್ನಡಕ ಹಾಕಿಕೊಂಡು ಓದಿದರು, ಮತ್ತೊಮ್ಮೆ ಎರಡನ್ನೂ ಕುಡಿದು ನೋಡಿದರು, ಮರುಮಾತಾಡದೆ ಕೆಂಪು ಬಾಟಲಿಯನ್ನು ಮೇಜಿನ ಆ ತುದಿಗೆ ಸರಿಸಿದರು. ಹೋಟೆಲಿನವರಾದ ಮಾಮನನ್ನು ಊಟದ ವಿಷಯದಲ್ಲಿ ಒಪ್ಪಿಸಿದ ಹೆಮ್ಮೆ ನನಗಿನ್ನೂ ಇಳಿದಿಲ್ಲ.

ಫೆಬ್ರವರಿಯಲ್ಲಿ ನಾಸಿಕಕ್ಕೆ ಕರೆದುಕೊಂಡು ಹೋದರು. ಶೂರ್ಪನಖಿ ಮೂಗು ಕಳೆದುಕೊಂಡ ಊರಿನಲ್ಲಿ ಹುಡುಕಿದರೆ ನಿಮ್ಮದೂ ಸಿಗಬಹುದು ಎಂದು ಕೊಡಗಿನ ಅಣ್ಣ ದಾರಿಯುದ್ದಕ್ಕೂ ತಮಾಷೆ ಮಾಡಿದರು. ಆ ದಿನಗಳಲ್ಲಿ ನನ್ನ ಮೂಗಿನ ಬಗ್ಗೆ ನಗುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ, ನನಗೆ ಬೇಕಾಗಿದ್ದದ್ದು ಅದೇ. ನಾರಾಯಣಗಾಂವ್ ಬಂದಾಗ ಕಾಕಾ ಕಾರು ನಿಲ್ಲಿಸಿ ಶ್ಯಾಮರಾವ್ ಚೌಗುಲೆಯವರ ಕಥೆ ಹೇಳಿದರು. 1980ರ ದಶಕದಲ್ಲಿ ಫ್ರೆಂಚ್ ತಜ್ಞರ ನೆರವಿನಿಂದ ಅಲ್ಲಿ ಸ್ಪಾರ್ಕ್ಲಿಂಗ್ (ನೊರೆಯುಕ್ಕುವ) ವೈನ್ ಮಾಡಿ ವಿದೇಶಕ್ಕೂ ಕಳುಹಿಸಿದವರು ಅವರು. ಕನ್ವಲ್ ಗ್ರೋವರ್ ನಮ್ಮ ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ಬುಡದಲ್ಲಿ ಫ್ರೆಂಚ್ ದ್ರಾಕ್ಷಿ ತಳಿಗಳನ್ನು ನೆಟ್ಟದ್ದೂ ಅದೇ ದಶಕದಲ್ಲಿ ಎಂದು ಸೇರಿಸಲು ಮರೆಯಲಿಲ್ಲ.

ನಾಸಿಕದ ದ್ರಾಕ್ಷಿ ತೋಟದಲ್ಲಿ ಆಗ ಕೊಯ್ಲು. ಯುರೋಪಿನಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ, ನಮ್ಮಲ್ಲಿ ಮಲಗುವುದಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಬೇಸಿಗೆಯಲ್ಲಿ ಒಮ್ಮೆ ಬಳ್ಳಿ ಬೆಳೆಯಲು, ಮಳೆ ಹೋದ ಮೇಲೆ ಒಮ್ಮೆ ಹಣ್ಣಿಗಾಗಿ. ಹಣ್ಣು ಜನವರಿಯಿಂದ ಮಾರ್ಚಿನೊಳಗೆ ಬರುತ್ತದೆ. ತೋಟದ ಮೇಲ್ವಿಚಾರಕರೊಬ್ಬರು ಶಿರಾಜ್ ಎಂಬ ಕೆಂಪು ವೈನಿನ ದ್ರಾಕ್ಷಿಯ ಗೊಂಚಲಿನಿಂದ ಕಾಳು ಬಿಡಿಸಿ ಕೊಟ್ಟು, ಬೀಜವನ್ನು ಅಗಿದು ನೋಡಿ ಎಂದರು. ಹಸಿರು ಬೀಜ ಕಹಿ, ಬಾಯಿ ಜೋಮು ಹಿಡಿಸುತ್ತದೆ. ಹಣ್ಣಾದ ಬೀಜ ಕಂದು, ಕಟಕಟನೆ ಒಡೆಯುತ್ತದೆ. ಕೊಯ್ಲಿನ ದಿನ ಗೊತ್ತುಮಾಡಲು ಅವರು ಸಕ್ಕರೆಯ ಅಳತೆಯ ಜೊತೆ ಇದನ್ನೂ ನೋಡುತ್ತಾರಂತೆ. ನಾನು ಒಂದೊಂದು ಸಾಲಿನ ಬೀಜ ಅಗಿದು ಇದು ಆಗಿದೆ, ಇದು ಆಗಿಲ್ಲ ಎಂದೆ. ಅವರು ತಲೆದೂಗಿ ಮರಾಠಿಯಲ್ಲಿ "ನಾಳೆಯಿಂದ ಕೆಲಸಕ್ಕೆ ಬನ್ನಿ" ಎಂದರು. ನನಗೆ ವಾಸನೆ ಇಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದಕ್ಕೂ ನಿಮಗೆ ಧನ್ಯವಾದ.

ಇಷ್ಟರ ನಡುವೆ ಅಭ್ಯಾಸ ನಡೆದಿತ್ತು. ಜರ್ಮನಿಯ ಥಾಮಸ್ ಹಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮವದು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ದಿನಕ್ಕೆ ಎರಡು ಬಾರಿ, 12 ವಾರ. ಬೆಂಗಳೂರಿನ ಹುಡುಗಿ ನಾಲ್ಕು ಗಾಜಿನ ಸೀಸೆ ತುಂಬಿಸಿ, ಚೀಟಿ ಅಂಟಿಸಿ ತಂದುಕೊಟ್ಟಳು. 12 ವಾರ ಮುಗಿದರೂ ಬಿಡಲಿಲ್ಲ, ಏಲಕ್ಕಿ, ಇಂಗು, ಕರಿಬೇವು ಎಂದು ಹೊಸ ಸೀಸೆಗಳು ಬರುತ್ತಲೇ ಇದ್ದವು. ಬೆಳಿಗ್ಗೆ ಕಚೇರಿಗೆ ಹೊರಡುವ ಗಡಿಬಿಡಿಯಲ್ಲೂ "ಮೂಸಿದಿರಾ ಅಕ್ಕಾ?" ಎಂದು ಅವಳ ಸಂದೇಶ ಬರುತ್ತಿತ್ತು.

ವಾಸನೆ ಮರಳತೊಡಗಿದಾಗ ವಿಕಾರವಾಗಿ ಮರಳಿತು. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಹುರಿದ ಮಾಂಸ ಎಲ್ಲವೂ ಸುಟ್ಟ ರಬ್ಬರಿನ ನಾತ. ಗಂಧಕವಿರುವ ಕೆಲವು ಅಣುಗಳು ಅತಿ ಸಣ್ಣ ಪ್ರಮಾಣದಲ್ಲೂ ಇಂಥ ಮೂಗನ್ನು ಕೆರಳಿಸುತ್ತವೆ ಎಂದು ಕಾಕಾ ವಿವರಿಸಿದರು. ಏನೂ ಇಲ್ಲದಿರುವುದಕ್ಕಿಂತ ಇದು ಕಷ್ಟ. ಹುಬ್ಬಳ್ಳಿಯವಳಿಗೆ ಈರುಳ್ಳಿ ಇಲ್ಲದ ಗಿರ್ಮಿಟ್ ಎಂದರೆ ಅರ್ಥವಾಗುತ್ತದೆಯೇ? ಆ ತಿಂಗಳುಗಳಲ್ಲಿ ನಮ್ಮ ಯಾವ ಕೂಟದಲ್ಲೂ ಈರುಳ್ಳಿ, ಬೆಳ್ಳುಳ್ಳಿ, ಮಾಂಸ ಕಾಣಿಸಲಿಲ್ಲ. ಯಾರು ಯಾರಿಗೆ ಹೇಳಿದರೋ ತಿಳಿಯದು, ನನ್ನ ಮುಂದೆ ಆ ಮಾತೇ ಬರಲಿಲ್ಲ. ಕೊಡಗಿನ ಅಕ್ಕನ ಮನೆಯ ಸರದಿ ಬಂದಾಗ ಪಂದಿ ಕರಿ ಇಲ್ಲದೆ ಕಡಂಬುಟ್ಟು, ತೆಂಗಿನಕಾಯಿ, ಬೆಲ್ಲ, ಕುಂಬಳಕಾಯಿಯ ಪಲ್ಯ. ಅಣ್ಣ ಎರಡನೆಯ ಸಲ ಬಡಿಸಿಕೊಂಡು ಉಂಡರು. ಕೊಡವರನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ತ್ಯಾಗವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಸರಿಯಾಗಿ ಸಿಕ್ಕ ವಾಸನೆ ದೊಣ್ಣೆಮೆಣಸಿನಕಾಯಿಯದು, ಸೊವಿನ್ಯೋಂ ಬ್ಲಾಂ ಎಂಬ ಬಿಳಿ ವೈನಿನ ಲೋಟದಲ್ಲಿ. ಆಮೇಲೆ ಒಂದೊಂದಾಗಿ ಬಂದವು: ನಿಂಬೆ, ಮಣ್ಣು, ಹೊಸ ಪುಸ್ತಕ, ಪುಣೆಯ ನಾರುವ ಮುಠಾ ನದಿಯ ದಂಡೆ (ಇದು ತಡವಾಗಿ ಬಂದಿದ್ದರೂ ನಡೆಯುತ್ತಿತ್ತು).

ಈ ಫೆಬ್ರವರಿಯ ಕೂಟ ಮತ್ತೆ ಕೊಡಗಿನವರ ಮನೆಯಲ್ಲಿ, ಪುಣೆಯ ಪಾಷಾಣ್ ಬಡಾವಣೆಯಲ್ಲಿ. ಅಕ್ಕ ಕೇಳಿದ್ದು ಒಂದೇ: "ಈ ಸಲ ಮಾಡಲೇ?" ಮಾಡಿ ಎಂದೆ. ಮದ್ದೂರು ವಡೆಯೊಂದಿಗೆ ನಾಸಿಕದ ಬಳಿಯ ದಿಂಡೋರಿಯ ಸ್ಪಾರ್ಕ್ಲಿಂಗ್, ಜೋಳದ ರೊಟ್ಟಿ ಎಣ್ಣೆಗಾಯಿಯೊಂದಿಗೆ ಸೋಲಾಪುರ ಜಿಲ್ಲೆಯ ಅಕ್ಲೂಜ್‌ನ ಸ್ಯಾಂಜಿಯೊವೀಸ್ ಎಂಬ ಕೆಂಪು ವೈನ್, ಕೊನೆಗೆ ಪಂದಿ ಕರಿ ಮತ್ತು ಶಿರಾಜ್. ಕೋಣೆಯ ಉಷ್ಣತೆಯಲ್ಲಿ ಕೆಂಪು ವೈನ್ ಎನ್ನುವುದು ಚಳಿದೇಶದ ಮಾತು, ಪುಣೆಯಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ತರಬೇಕು. ಅಣ್ಣ ಅದನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಕಾಚಂಪುಳಿಯ ಕಪ್ಪು ಹುಳಿ, ಹುರಿದ ಮಸಾಲೆ, ಕರಿಮೆಣಸು. ಲೋಟ ಎತ್ತಿದರೆ ಅಲ್ಲೂ ಕರಿಮೆಣಸು. "ಮೆಣಸು!" ಎಂದು ನಾನು ಕೂಗಿದ್ದು ಕೆಳಗಿನ ಮಹಡಿಯವರಿಗೂ ಕೇಳಿಸಿರಬೇಕು.

ಕಾಕಾ ಪಾಠ ಶುರುಮಾಡಿದರು. ಶಿರಾಜ್‌ನ ಆ ಮೆಣಸಿನ ಪರಿಮಳಕ್ಕೆ ಕಾರಣ ರೋಟಂಡೋನ್ ಎಂಬ ಅಣು, ಕರಿಮೆಣಸಿನಲ್ಲಿರುವುದೂ ಅದೇ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದು. ಕೆಂಪು ವೈನ್‌ನಲ್ಲಿ ಲೀಟರಿಗೆ 16 ನ್ಯಾನೊಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಆದರೆ ಐವರಲ್ಲಿ ಸುಮಾರು ಒಬ್ಬರಿಗೆ ಎಷ್ಟು ಹಾಕಿದರೂ ಅದು ಸಿಗುವುದಿಲ್ಲ. ಇಷ್ಟು ಹೇಳಿ, ಲೋಟ ಕೆಳಗಿಟ್ಟು, "ನನಗೆ ಒಮ್ಮೆಯೂ ಸಿಕ್ಕಿಲ್ಲ" ಎಂದರು. ಇಷ್ಟು ವರ್ಷ ನಾವೆಲ್ಲ ಮೆಣಸು ಮೆಣಸು ಎಂದು ತಲೆಯಾಡಿಸುತ್ತಿದ್ದಾಗ ಅವರು ಸುಮ್ಮನೆ ಕುಳಿತು ಹುಳಿ, ಒಗರಿನ ಲೆಕ್ಕ ಹಾಕುತ್ತಿದ್ದರು! ಆ ಐದು ಕಾಲಂ ಎಲ್ಲಿಂದ ಬಂದವು ಎಂದು ನನಗೆ ಆಗ ತಿಳಿಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಮಾಮ "ಮೊದಲು ಊಟ ಮಾಡಿ" ಎಂದರು.

ಹಾಗಾಗಿ ಕಾಕಾ, ಅಂದು ಹೇಳಲಾಗದ್ದು ಇದು: ಪುಸ್ತಕ ತುಂಬಿದೆ, ಹೊಸದನ್ನು ನಾನೇ ತಂದಿದ್ದೇನೆ, ಪರಿಮಳದ ಕಾಲಂ ಸೇರಿಸಿಲ್ಲ. ಸೀಸೆಗಳು ಈಗ ಖಾಲಿ ಕುಳಿತಿವೆ. ಪುಣೆಯಲ್ಲಿ ವಾಸನೆ ಕಳೆದುಕೊಂಡವರು ಯಾರಿದ್ದರೂ ಕೇಳಿ, ಮತ್ತೆ ತುಂಬಿಸಿ ಕೊಡುತ್ತೇನೆ.

ಮುಂದಿನ ಶನಿವಾರದ ಸರದಿ ನಮ್ಮ ಮನೆಯದು. ಈರುಳ್ಳಿ ಧಾರಾಳವಾಗಿ ಹಾಕಿದ ಗಿರ್ಮಿಟ್, ಶೇಂಗಾ ಹೋಳಿಗೆ ಇರುತ್ತವೆ. ಹೋಳಿಗೆಗೆ ಸಿಹಿ ವೈನ್ ತರುವವರು ಹೋಳಿಗೆಗಿಂತ ಸಿಹಿಯಾದದ್ದನ್ನೇ ತರಬೇಕು, ಇಲ್ಲದಿದ್ದರೆ ವೈನ್ ಬರೀ ಹುಳಿ ಅನ್ನಿಸುತ್ತದೆ. ಕಾಫಿ ಮಾತ್ರ ನನಗಿನ್ನೂ ಪೂರ್ತಿ ಸರಿಹೋಗಿಲ್ಲ. ಊಟದ ಮೇಲೆ ಬೇಕೇ ಬೇಕು ಎನ್ನುವವರು ಫ್ಲಾಸ್ಕಿನಲ್ಲಿ ತಂದು ಬಾಲ್ಕನಿಯಲ್ಲಿ ಕುಡಿಯುವುದು.