‘ಪಾತ್ರಕ್ಕೆ ನ್ಯಾಯ’ ಅಂದರೆ ಸಾಕೇ?

ಮಾನ್ಯರೇ,

ನಿಮ್ಮ ಸಿನಿಮಾ ಪುಟದ ವಿಮರ್ಶೆಗಳ ಬಗ್ಗೆ ನನ್ನದೊಂದು ತಕರಾರಿದೆ. ನಾಯಕನ ಎಂಟ್ರಿ, ಫೈಟು, ಗಡ್ಡ ಎಲ್ಲಕ್ಕೂ ಪ್ಯಾರಾಗಟ್ಟಲೆ ಜಾಗ. ಕೊನೆಗೆ ‘ನಾಯಕಿ ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ’ ಎಂಬ ಒಂದು ಸಾಲು. ಯಾವ ಪಾತ್ರ, ಏನು ನ್ಯಾಯ, ದೇವರಿಗೇ ಗೊತ್ತು.

ನಟಿ ರಂಜನಿ ರಾಘವನ್ ಅವರನ್ನೇ ನೋಡಿ. ‘ಪುಟ್ಟಗೌರಿ ಮದುವೆ’ ಧಾರಾವಾಹಿಯಲ್ಲಿ ಅವರ ಗೌರಿ ಅತ್ತದ್ದೇ ಅತ್ತದ್ದು. ಬೆಟ್ಟದಿಂದ ಬಿದ್ದು ಬದುಕಿದಾಗ ಊರೆಲ್ಲ ಟ್ರೋಲ್ ಮಾಡಿತು. ನಗು ಬರುವಂತೆಯೇ ಇತ್ತು ಬಿಡಿ. ಅದೇ ನಟಿ 2020ರಲ್ಲಿ ಶುರುವಾದ ‘ಕನ್ನಡತಿ’ಯಲ್ಲಿ ಕನ್ನಡ ಪಾಠ ಮಾಡುವ ಭುವನೇಶ್ವರಿ. ನಾನೂ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ತೆರೆಯ ಮೇಲೆ ಕನ್ನಡ ಟೀಚರ್ ಬಂದರೆ ಕಾಮಿಡಿ ಎಂದೇ ಲೆಕ್ಕ. ಕೊಡೆ, ದಪ್ಪ ಕನ್ನಡಕ, ಗ್ರಾಂಥಿಕ ಮಾತು. ಭುವಿ ಹಾಗಿರಲಿಲ್ಲ. ಚಿತ್ಕಳಾ ಬಿರಾದಾರ್ ಮಾಡಿದ ನಾಯಕನ ತಾಯಿ ರತ್ನಮಾಲಾ ಎದುರು ಕೂತಾಗ ಸುಮ್ನೆ ಕೇಳಿಸಿಕೊಳ್ಳುತ್ತಿದ್ದಳು. ಉತ್ತರ ಕೊಡುವ ಮುಂಚೆ ಯೋಚಿಸುತ್ತಿದ್ದಾಳೆ ಅಂತ ಕಣ್ಣಲ್ಲೇ ಕಾಣುತ್ತಿತ್ತು. ನಮ್ಮ ಧಾರಾವಾಹಿಗಳಲ್ಲಿ ಎದುರಿನವರ ಮಾತು ಕೇಳಿಸಿಕೊಳ್ಳುವುದು ಅಪರೂಪ. ಮುಖಕ್ಕೆ ಮೂರು ಸಲ ಝೂಮ್, ಒಂದು ಗುಡುಗು, ಮುಗೀತು. ‘ಕನ್ನಡತಿ’ ಕಂತಿನ ಕೊನೆಗೆ ಬರುತ್ತಿದ್ದ, ಸರಿಯಾದ ಕನ್ನಡ ಹೇಳಿಕೊಡುವ ‘ಸರಿಗನ್ನಡಂ ಗೆಲ್ಗೆ’ ತುಣುಕು ನೋಡಿಕೊಂಡು ಬಂದ ಹುಡುಗರು ನನಗೇ ಪರೀಕ್ಷೆ ಇಡುತ್ತಿದ್ದರು!

ಸಿನಿಮಾದಲ್ಲೂ ‘ರಾಜಹಂಸ’ದಿಂದ ‘ಕಾಂಗರೂ’ವರೆಗೆ ಹಲವು ಚಿತ್ರ ಮಾಡಿದ್ದಾರೆ. 2021ರಲ್ಲಿ ‘ಕತೆ ಡಬ್ಬಿ’ ಕಥಾಸಂಕಲನ ತಂದರು. ಈಗ ನಿರ್ದೇಶನಕ್ಕೂ ಕೈ ಹಾಕಿದ್ದಾರೆ. ಆದರೂ ಇಂಥವರ ಸುದ್ದಿ ಬಂದರೆ ‘ಕಿರುತೆರೆ ನಟಿ’ ಅಂತಲೇ ಶುರು. ಸಂದರ್ಶನವಿದ್ದರೆ ಸೀರೆ, ಮದುವೆ, ಡಯಟ್. ಯಶ್, ರಾಧಿಕಾ ಪಂಡಿತ್ ಇಬ್ಬರೂ ‘ನಂದಗೋಕುಲ’ ಧಾರಾವಾಹಿ ಮಾಡಿಯೇ ಬಂದವರಲ್ವಾ? ಯಶ್ ಅವರನ್ನು ಇವತ್ತು ಯಾರಾದರೂ ಕಿರುತೆರೆ ನಟ ಅಂತ ಬರೆಯುತ್ತಾರಾ?

ಕೇಳಬೇಕಾದ್ದು ಎಷ್ಟೊಂದಿದೆ. ದಿನಕ್ಕೊಂದು ಕಂತು ಒದಗಿಸುವ ಗಡಿಬಿಡಿಯಲ್ಲಿ ಒಂದು ಪಾತ್ರವನ್ನು ವರ್ಷಗಟ್ಟಲೆ ಕೆಡದಂತೆ ಹೇಗೆ ಉಳಿಸಿಕೊಳ್ಳುತ್ತಾರೆ? ಟಿವಿಯಲ್ಲಿ ಸರಿ ಅನ್ನಿಸಿದ ಹುಬ್ಬು ಏರಿಸುವಿಕೆ ದೊಡ್ಡ ತೆರೆಯಲ್ಲಿ ಜಾಸ್ತಿ ಆಗುವುದಿಲ್ಲವೇ? ಗೌರಿಯ ಅಳುವನ್ನು ಬಿಟ್ಟು ಭುವಿಗೆ ಬರಲು ಏನು ಮಾಡಿದರು? ನಿಮ್ಮ ವರದಿಗಾರರು ಅವರನ್ನೇ ಕೂರಿಸಿಕೊಂಡು ಕೇಳಲಿ. ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಕೊಡಿ. ಫೋಟೊ ಚಿಕ್ಕದಾದರೂ ಪರವಾಗಿಲ್ಲ.

— ಒಬ್ಬ ಕನ್ನಡ ಶಿಕ್ಷಕಿ, ಹಾಸನ