ಮಗ್ಗಿ ಹೇಳುವಷ್ಟು ನಿಧಾನವಾಗಿ

ಸರಸ್ವತೀಪುರಂ, ಮೈಸೂರು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ದೊಡ್ಡಪ್ಪನೂ ಕ್ಷೇಮವಾಗಿದ್ದೇವೆ.

ನಿನ್ನ ಅಮ್ಮ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದಕ್ಕಿಂತ ನೀನು ಕಳಿಸಿದ ಐದಾರು ಸಾಲುಗಳಿಂದಲೇ ನನಗೆ ಹೆಚ್ಚು ತಿಳಿಯಿತು. ಭಾನುವಾರ ಸಂಜೆಯಾದರೆ ಸಾಕು, ಮರುದಿನದ ಕೆಲಸ ನೆನೆದು ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ನಡುರಾತ್ರಿ ಎಚ್ಚರವಾದರೆ ಬೆಳಗಾಗುವವರೆಗೂ ನಿದ್ದೆ ಹತ್ತುವುದಿಲ್ಲ ಎಂದು ಬರೆದಿದ್ದೀಯೆ. ಆಫೀಸಿನ ಗೆಳತಿಯ ಮಾತು ಕೇಳಿ ಲಾಲ್‌ಬಾಗಿನಲ್ಲಿ ಓಡಲು ಹೋದೆ, ಓಡುವಾಗಲೂ ಅದೇ ಗಾಬರಿ ಬಂದಂತಾಗಿ ನಾಲ್ಕನೆಯ ದಿನಕ್ಕೆ ಬಿಟ್ಟೆ, ಇದೂ ನನ್ನ ಕೈಲಾಗದು ಎಂದು ಕೊನೆಗೆ ಸೇರಿಸಿದ್ದೀಯೆ. ಆ ಕೊನೆಯ ಮಾತನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ. ನಿನಗೆ ಬೇಕೆನಿಸಿದಾಗ ಮತ್ತೊಮ್ಮೆ ತೆಗೆದು ಓದಲೆಂದು ಕಾಗದದಲ್ಲಿ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರದ ಒಂದು ವಿಷಯವನ್ನು ಮೊದಲು ಹೇಳಬೇಕು. ನನಗೆ ನಲವತ್ತೆಂಟು ವರ್ಷವಾಗಿದ್ದಾಗ, ಬ್ಯಾಂಕಿನಲ್ಲಿ ಒಂದು ತಿಂಗಳ ಮೊದಲ ವಾರದ ದಿನ, ಪಿಂಚಣಿದಾರರ ಸಾಲು ಬಾಗಿಲಿನವರೆಗೂ ಇದ್ದಾಗ, ನೋಟು ಎಣಿಸುತ್ತಿದ್ದ ನನ್ನ ಕೈ ಇದ್ದಕ್ಕಿದ್ದಂತೆ ತಣ್ಣಗಾಯಿತು. ಎದೆ ಬಾಯಿಗೆ ಬಂದಂತಾಯಿತು, ಉಸಿರು ಅರ್ಧಕ್ಕೇ ನಿಂತಂತಾಯಿತು. ಹೃದಯಾಘಾತವೆಂದೇ ಎಲ್ಲರೂ ಹೆದರಿ ಆಸ್ಪತ್ರೆಗೆ ಕರೆದೊಯ್ದರು. ಇಸಿಜಿಯಲ್ಲಿ ಏನೂ ಇರಲಿಲ್ಲ. ಅದು ತೀವ್ರ ಆತಂಕವೆಂದು ವೈದ್ಯರು ಹೇಳಿದಾಗ ನನಗೆ ಸಮಾಧಾನವಾಗುವ ಬದಲು ನಾಚಿಕೆಯಾಯಿತು. ಮನೆಯ ಮಕ್ಕಳಿಗೆ ಯಾರಿಗೂ ಹೇಳಬಾರದೆಂದು ನಿನ್ನ ದೊಡ್ಡಪ್ಪನಿಂದ ಮಾತು ತೆಗೆದುಕೊಂಡೆ. ಆ ನಾಚಿಕೆ ತಪ್ಪೆಂದು ಈಗ ತಿಳಿದಿದೆ. ಆಗಲೇ ಹೇಳಿದ್ದರೆ ನೀನು ಇಂದು ನಿನ್ನ ಸಂಕಟವನ್ನು ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿರುತ್ತಿರಲಿಲ್ಲವೇನೋ.

ಕೆಲವು ತಿಂಗಳು ಔಷಧ ತೆಗೆದುಕೊಂಡೆ, ಆಪ್ತಸಮಾಲೋಚಕರನ್ನು ಕಂಡೆ, ಅವರ ಸಲಹೆಯಂತೆ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ನಡೆಯಲು ಶುರುಮಾಡಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಊರಾಚೆಯ ಜಮೀನುಗಳಿಗೆ ನೀರೊದಗಿಸಲೆಂದು ಕಟ್ಟಿಸಿದ ಆ ಕೆರೆ ಇಂದು ನೂರಾರು ಜನರ ಮುಂಜಾವಿನ ದಾರಿಯಾಗಿದೆ. ಒಂದು ದಿನ ನಡೆಯುತ್ತಿದ್ದವಳಿಗೆ, ನನ್ನ ವಯಸ್ಸಿನವರೇ ಓಡುತ್ತಿರುವುದನ್ನು ನೋಡಿ, ನಾನೂ ಓಡಬಲ್ಲೆನೆನಿಸಿತು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಓಡಿದೆ. ಇನ್ನೂರು ಮೀಟರ್ ಹೋಗಿರಲಾರೆ, ಬ್ಯಾಂಕಿನಲ್ಲಿ ಆದದ್ದೇ ಮತ್ತೆ ಆಯಿತು. ಎದೆ ಅದೇ ರೀತಿ ಬಡಿಯಿತು, ಗಂಟಲು ಅದೇ ರೀತಿ ಒಣಗಿತು. ಕಲ್ಲುಬೆಂಚಿನ ಮೇಲೆ ಕುಳಿತು, ಇಲ್ಲೇ ಏನಾದರೂ ಆಗಿಬಿಡುತ್ತದೆ ಎಂದುಕೊಂಡೆ.

ಆಗ ಏನು ಹೊಳೆಯಿತೋ, ಎಣಿಸುವುದೇ ಕಸುಬಾಗಿದ್ದವಳು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಎದುರಿಗೆ ಗಡಿಯಾರ ಹಿಡಿದು, ನಾಡಿ ಎಣಿಸಿದೆ. ಹದಿನೈದು ಸೆಕೆಂಡಿಗೆ 38. ನೀರಿನ ನಡುವಿನ ಮರದ ಮೇಲೆ ಹೆಜ್ಜಾರ್ಲೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಡ್ಡಿಕೊಂಡಿದ್ದವು. ಅವನ್ನು ನೋಡುತ್ತ ಒಂದು ನಿಮಿಷ ಕುಳಿತು ಮತ್ತೆ ಎಣಿಸಿದೆ: 31. ಇನ್ನೊಂದು ನಿಮಿಷದ ನಂತರ 26. ನಾನು ಏನನ್ನೂ ಮಾಡಿರಲಿಲ್ಲ, ಪುಟ್ಟಿ. ಮಾತ್ರೆ ನುಂಗಿರಲಿಲ್ಲ, ಯಾರನ್ನೂ ಕರೆದಿರಲಿಲ್ಲ. ಏರಿದ ಬಡಿತ ತಾನಾಗಿಯೇ ಇಳಿದಿತ್ತು. ಅಷ್ಟು ತಿಂಗಳಲ್ಲಿ ಯಾರು ಎಷ್ಟು ಧೈರ್ಯ ಹೇಳಿದರೂ ಮನಸ್ಸಿಗೆ ಇಳಿಯದಿದ್ದ ವಿಷಯ, ಆ ಮೂರು ಅಂಕಿಗಳಿಂದ ಇಳಿಯಿತು.

ನಿನಗೆ ಓಡುವಾಗ ಗಾಬರಿ ಬಂದಂತಾಯಿತು ಎಂದೆಯಲ್ಲ, ಅದರ ಕಾರಣ ಇಲ್ಲಿಯೇ ಇದೆ. ಹೆದರಿಕೆಯಾದಾಗಲೂ ಓಡಿದಾಗಲೂ ದೇಹದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಹೆಚ್ಚುತ್ತದೆ, ಬೆವರು ಒಡೆಯುತ್ತದೆ. ಆತಂಕ ಇರುವವರ ಮನಸ್ಸು ಈ ಗುರುತುಗಳನ್ನು ಕಂಡಕೂಡಲೇ ಅಪಾಯ ಬಂತೆಂದು ಓದಿಕೊಳ್ಳುತ್ತದೆ, ಹಾಗೆ ಓದಿಕೊಂಡದ್ದರಿಂದ ಬಡಿತ ಇನ್ನೂ ಏರುತ್ತದೆ. ಗಾಬರಿಯ ತೊಂದರೆಗೆ ಚಿಕಿತ್ಸೆ ನೀಡುವ ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರು ಬೇಕೆಂದೇ ರೋಗಿಯನ್ನು ಮೆಟ್ಟಿಲು ಹತ್ತಿಸಿ, ನಿಂತಲ್ಲೇ ಓಡಿಸಿ, ಎದೆಬಡಿತವನ್ನು ಏರಿಸಿ, ಅದು ಏನೂ ಕೇಡು ಮಾಡದೆ ಇಳಿಯುವುದನ್ನು ಅನುಭವಕ್ಕೆ ತರುವುದುಂಟು. ನಿಧಾನದ ಓಟ ಅದೇ ಪಾಠವನ್ನು ವಾರಕ್ಕೆ ಮೂರು ಸಲ ತೆರೆದ ಗಾಳಿಯಲ್ಲಿ ಮಾಡಿಸುತ್ತದೆ. ಹಾಗಾಗಿ ನಿನಗೆ ಬಂದ ಆ ಅನುಭವವನ್ನು ಸೋಲೆಂದು ತಿಳಿಯಬೇಡ. ಪಾಠದ ಮೊದಲ ಪುಟವನ್ನೇ ನೀನು ತೆರೆದಿದ್ದೀಯೆ, ಆದರೆ ತೀರಾ ವೇಗವಾಗಿ ತಿರುವಿಹಾಕಿದ್ದೀಯೆ.

ವೇಗದ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ, ಬೇಸರಿಸಬೇಡ. ಸಂದೇಶದ ಜೊತೆಗೆ ನೀನು ಕಳಿಸಿದ ಫೋನಿನ ಚಿತ್ರದಲ್ಲಿ ಕಿಲೋಮೀಟರಿಗೆ ಆರೂವರೆ ನಿಮಿಷ ಎಂದಿತ್ತು. ಎರಡು ವರ್ಷ ಕುರ್ಚಿ ಬಿಟ್ಟು ಏಳದೆ ಕೆಲಸ ಮಾಡಿದವಳು ಮೊದಲ ವಾರದಲ್ಲೇ ಆ ವೇಗದಲ್ಲಿ ಓಡಿದರೆ ದೇಹ ಪ್ರತಿಭಟಿಸದೆ ಇನ್ನೇನು ಮಾಡೀತು? ಆಫೀಸಿನ ಗುರಿ, ಗಡುವು, ಅಂಕಿ ಅಂಶಗಳಿಂದಲೇ ನಿನಗೆ ಆತಂಕ ಬಂದಿರುವಾಗ, ಅದರಿಂದ ಬಿಡುಗಡೆ ಹುಡುಕಿ ಹೋದ ಕಡೆಯಲ್ಲೂ ನೀನು ಮತ್ತೊಂದು ಗುರಿ, ಮತ್ತೊಂದು ಗಡುವು ಕಟ್ಟಿಕೊಂಡಿದ್ದೀಯೆ. ಎರಡು ತಿಂಗಳ ಮಟ್ಟಿಗೆ ವೇಗ ಅಳೆಯುವ ಆ ಆ್ಯಪನ್ನು ಫೋನಿನಿಂದ ತೆಗೆದುಹಾಕು. ಸಮಯ ತಿಳಿಯಲು ಸಾಧಾರಣ ಗಡಿಯಾರ ಸಾಕು.

ಸರಿಯಾದ ವೇಗ ಯಾವುದೆಂದು ತಿಳಿಯಲು ನಾನು ಕಂಡುಕೊಂಡ ಅಳತೆಗೋಲು ಮಗ್ಗಿ. ಓಡುತ್ತ ಮೆಲುದನಿಯಲ್ಲಿ ಹದಿಮೂರರ ಮಗ್ಗಿ ಹೇಳು: ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಒಂದೊಂದು ಸಾಲೂ ಉಸಿರು ಮುರಿಯದೆ ಪೂರ್ತಿ ಬರಬೇಕು. ಸಾಲಿನ ನಡುವೆ ಉಸಿರೆಳೆದುಕೊಳ್ಳಬೇಕಾಯಿತೆಂದರೆ ನಿನ್ನ ವೇಗ ಹೆಚ್ಚಾಯಿತೆಂದೇ ಅರ್ಥ, ತಕ್ಷಣ ಇಳಿಸು. ನಡೆಯುವವರು ನಿನ್ನನ್ನು ದಾಟಿ ಹೋದರೂ ಹೋಗಲಿ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ, ಅದನ್ನು ನಾನು ಮೊದಲು ಯೋಚಿಸಿರಲಿಲ್ಲ. ಹದಿಮೂರೇಳ್ಲ ಎಷ್ಟೆಂದು ನೆನಪಿಸಿಕೊಳ್ಳುತ್ತಿರುವ ಮನಸ್ಸಿಗೆ ಸೋಮವಾರದ ಮೀಟಿಂಗನ್ನು ನೆನೆಯಲು ಬಿಡುವಿರುವುದಿಲ್ಲ.

ಅಭ್ಯಾಸದ ಕ್ರಮಕ್ಕೆ ನನಗೆ ಒಗ್ಗಿದ್ದನ್ನೇ ಹೇಳುತ್ತೇನೆ. ಜಾಶ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ 1996ರಲ್ಲಿ ಐವತ್ತು ದಾಟಿದ್ದ ತನ್ನ ತಾಯಿಗಾಗಿ ಒಂಬತ್ತು ವಾರಗಳ ಕ್ರಮವೊಂದನ್ನು ರೂಪಿಸಿದ; ಇಂದು ಜಗತ್ತಿನಾದ್ಯಂತ ಹೊಸಬರು ಅದನ್ನು ಅನುಸರಿಸುತ್ತಾರೆ. ವಾರಕ್ಕೆ ಮೂರು ದಿನ ಮಾತ್ರ, ನಡುವೆ ಒಂದೊಂದು ದಿನ ಬಿಡುವು. ಮೊದಲ ವಾರ ಐದು ನಿಮಿಷ ಬಿರುಸಾಗಿ ನಡೆದು, ಆಮೇಲೆ ಅರವತ್ತು ಸೆಕೆಂಡು ಓಟ, ತೊಂಬತ್ತು ಸೆಕೆಂಡು ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಓಟದ ಅವಧಿ ವಾರದಿಂದ ವಾರಕ್ಕೆ ಹೆಚ್ಚುತ್ತ ಹೋಗುತ್ತದೆ. ಒಂಬತ್ತು ವಾರದ ಆ ಕ್ರಮಕ್ಕೆ ನಾನು ತೆಗೆದುಕೊಂಡದ್ದು ಹೆಚ್ಚುಕಡಿಮೆ ಐದು ತಿಂಗಳು. ಕಷ್ಟವೆನಿಸಿದ ವಾರವನ್ನು ಎರಡು ಮೂರು ಸಲ ಮಾಡಿದೆ. ಅದರಿಂದ ಯಾವ ನಷ್ಟವೂ ಆಗಲಿಲ್ಲ. ಮಧ್ಯೆ ನಡೆಯುವುದನ್ನು ಓಡಲಾಗದವರ ಲಕ್ಷಣವೆಂದು ಎಂದೂ ತಿಳಿಯಬೇಡ, ಏಕೆಂದರೆ ಹೊಸಬರಿಗೆ ಆ ನಡಿಗೆಯಲ್ಲೇ ಬಡಿತ ಇಳಿಯುವುದನ್ನು ಗಮನಿಸುವ ಅವಕಾಶ ಸಿಗುತ್ತದೆ.

ಓಡಿದರೆ ಸುಖವೆನಿಸುತ್ತದೆಂದು ಎಲ್ಲರೂ ಹೇಳುತ್ತಾರೆ, ನನಗೇಕೆ ಆಗಲಿಲ್ಲ ಎಂದು ನೀನು ಕೇಳಿದ್ದೀಯೆ. ಮೊದಲ ಕೆಲವು ವಾರ ಯಾರಿಗೂ ಅಷ್ಟಾಗಿ ಆಗುವುದಿಲ್ಲ, ಪುಟ್ಟಿ. ಮೀನಖಂಡದಲ್ಲಿ ನೋವೇ ಹೆಚ್ಚು. ಓಟದ ಉಲ್ಲಾಸಕ್ಕೆ ದೇಹವೇ ತಯಾರಿಸಿಕೊಳ್ಳುವ, ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ವಸ್ತು ಕಾರಣವೆಂದು ಬಹುಕಾಲ ನಂಬಿದ್ದರು. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಮಿದುಳಿನೊಳಕ್ಕೆ ಸುಲಭವಾಗಿ ಹೋಗುವುದಿಲ್ಲ. ಜರ್ಮನಿಯ ಹ್ಯಾಂಬರ್ಗಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅದರ ಪರಿಣಾಮವನ್ನು ತಡೆಯುವ ಔಷಧ ಕೊಟ್ಟು ಓಡಿಸಿದಾಗಲೂ ಓಟಗಾರರ ಉಲ್ಲಾಸ ಹಾಗೆಯೇ ಇತ್ತು, ಆತಂಕವೂ ಇಳಿದಿತ್ತು. ಈಗ ಅವರ ಗಮನವಿರುವುದು ಓಟದಿಂದ ರಕ್ತದಲ್ಲಿ ಹೆಚ್ಚುವ ಬೇರೊಂದು ಬಗೆಯ ವಸ್ತುಗಳ ಮೇಲೆ. ಅವುಗಳಲ್ಲಿ ಒಂದನ್ನು 1992ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗುರುತಿಸಿ, ನಮ್ಮ 'ಆನಂದ' ಎಂಬ ಸಂಸ್ಕೃತ ಶಬ್ದವನ್ನೇ ತೆಗೆದುಕೊಂಡು ಆನಂದಮೈಡ್ ಎಂದು ಹೆಸರಿಟ್ಟರು. ಇದನ್ನು ಮೊದಲ ಸಲ ಓದಿದ ದಿನ ನನಗಾದ ಸಂತೋಷವನ್ನು ನಿನಗೆ ಹೇಗೆ ಹೇಳಲಿ! ಆದರೂ ನನ್ನ ಅನುಭವದಲ್ಲಿ ಓಟದ ಸುಖ ಬಂದದ್ದು ಇನ್ನೂ ಸರಳವಾದ ದಾರಿಯಿಂದ. ಮೂರನೆಯ ತಿಂಗಳ ಒಂದು ಬೆಳಿಗ್ಗೆ, ಹಿಂದಿನ ರಾತ್ರಿ ಮಳೆಯಾಗಿ ಮಣ್ಣು ಮೆತ್ತಗಿತ್ತು. ಓಡುತ್ತಿದ್ದಂತೆ ನನ್ನ ಹೆಜ್ಜೆಯ ಸದ್ದು ನನಗೇ ಕೇಳಿಸಿತು. ಹತ್ತು ನಿಮಿಷದಿಂದ ನಾನು ಯಾವುದಕ್ಕೂ ಹೆದರಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಇನ್ನು ಕೆಲವು ವ್ಯವಹಾರದ ಮಾತುಗಳು. ಮತ್ತೆ ಓಡುವ ಮೊದಲು ವೈದ್ಯರೊಬ್ಬರಿಗೆ ತೋರಿಸಿ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು, ಏಕೆಂದರೆ ಎದೆ ಡವಗುಟ್ಟುವುದಕ್ಕೆ ಇವೂ ಕಾರಣವಾಗಿರಬಹುದು. ಓಡುವಾಗ ಎದೆಯಲ್ಲಿ ನೋವು ಬಂದರೆ, ತಲೆ ತಿರುಗಿದರೆ ನಿಲ್ಲಿಸಿ ವೈದ್ಯರ ಬಳಿಗೆ ಹೋಗು. ಅದನ್ನು ಆತಂಕವೆಂದು ನೀನೇ ತೀರ್ಮಾನಿಸಬೇಡ. ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ ಕುಡಿಯುತ್ತೀಯೆಂದು ನಿನ್ನ ಅಮ್ಮ ಹೇಳಿದಳು. ಅದನ್ನು ಮೆಲ್ಲಗೆ ಎರಡಕ್ಕೆ ಇಳಿಸು, ಮಧ್ಯಾಹ್ನದ ಮೇಲೆ ಬೇಡವೇ ಬೇಡ. ಶೂಗಳನ್ನು ಸಂಜೆಯ ಹೊತ್ತು ಕೊಳ್ಳು, ದಿನವೆಲ್ಲ ನಡೆದಾಡಿದ ಪಾದ ಆಗ ತುಸು ಉಬ್ಬಿರುತ್ತದೆ; ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗವಿರಲಿ. ಬೆಳಕು ಹರಿದ ಮೇಲೆ, ಜನ ಓಡಾಡುವ ಹೊತ್ತಿನಲ್ಲೇ ಹೋಗು. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡ, ನಿಂತು, ಕಣ್ಣಿಗೆ ಕಣ್ಣು ಕೊಡದೆ, ಮೆಲ್ಲಗೆ ನಡೆದು ದಾಟು. ಲಾಲ್‌ಬಾಗಿನ ಬಂಡೆಯ ಏರನ್ನು ಸದ್ಯಕ್ಕೆ ನಡೆದೇ ಹತ್ತು. ಸುಮಾರು ಮುನ್ನೂರು ಕೋಟಿ ವರ್ಷಗಳಿಂದ ಅಲ್ಲಿರುವ ಬಂಡೆ ನೀನು ಸಿದ್ಧಳಾಗುವವರೆಗೂ ಅಲ್ಲೇ ಇರುತ್ತದೆ.

ಓಟ ನಿನ್ನ ಆತಂಕಕ್ಕೆ ಪೂರ್ಣ ಪರಿಹಾರವೆಂದು ನಾನು ಹೇಳಲಾರೆ. ನನಗೂ ಔಷಧ ಮತ್ತು ಸಮಾಲೋಚನೆ ಎರಡೂ ಬೇಕಾದವು. ನಿದ್ದೆಯಿಲ್ಲದ ರಾತ್ರಿಗಳು ಮುಂದುವರಿದರೆ ಮನೋವೈದ್ಯರನ್ನು ಕಾಣಲು ಹಿಂಜರಿಯಬೇಡ. ನಡುರಾತ್ರಿ ಯಾರೊಡನಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ವ್ಯವಸ್ಥೆಯ ಹಿಂದೆ ನಿಮ್ಮೂರಿನ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ನನಗಂತೂ ಹೊತ್ತುಗೊತ್ತು ನೋಡದೆ ಕರೆ ಮಾಡು.

ಮುಂದಿನ ತಿಂಗಳು ಎರಡನೆಯ ಶನಿವಾರ ಬೆಂಗಳೂರಿಗೆ ಬರುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗಿನ ಪಶ್ಚಿಮ ದ್ವಾರದಲ್ಲಿ ನನಗಾಗಿ ನಿಂತಿರು. ಮೊದಲು ಐದು ನಿಮಿಷ ನಡೆಯೋಣ, ಆಮೇಲೆ ಒಂದು ನಿಮಿಷ ಓಡೋಣ, ಬೆಂಚು ಸಿಕ್ಕಿದ ಕಡೆ ಕುಳಿತು ನಿನ್ನ ನಾಡಿಯನ್ನು ನಾನೇ ಎಣಿಸುತ್ತೇನೆ. ಅಷ್ಟರೊಳಗೆ ಹದಿಮೂರರ ಮಗ್ಗಿ ಬಾಯಿಪಾಠವಾಗಿರಲಿ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ